ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ತೆಗೆದ ಈ ಶೈಜಾ ಖಾನ್ ಯಾರು?

ಸ್ಕೋರ್‌ಕಾರ್ಡ್ ಹುಳ:
2024ರ ಚೆನ್ನೈ ಟೆಸ್ಟ್‌ನಲ್ಲಿ ಶಫಾಲಿ, ಸ್ಮೃತಿ ಸೇರಿ ಮೊದಲ ವಿಕೆಟ್‌ಗೆ 292 ಹೊಡೆದರಲ್ಲ, ಆಗ ಮುರಿದಿದ್ದು ಪಾಕಿಸ್ತಾನದ ಜೋಡಿಯ ದಾಖಲೆ ಅಂತ ಮೊನ್ನೆ ಗೊತ್ತಾಯಿತು. 241 ರನ್, ಕರಾಚಿ, 2004, ಎದುರಾಳಿ ವೆಸ್ಟ್ ಇಂಡೀಸ್. ಸುಮ್ನೆ ಕುತೂಹಲಕ್ಕೆ ಆ ಸ್ಕೋರ್‌ಕಾರ್ಡ್ ತೆಗೆದರೆ ತಲೆ ತಿರುಗಿತು. ಕಿರಣ್ ಬಲೂಚ್ 242, ಮಹಿಳಾ ಟೆಸ್ಟ್‌ನಲ್ಲಿ ಇವತ್ತಿಗೂ ಅದಕ್ಕಿಂತ ದೊಡ್ಡ ಸ್ಕೋರ್ ಇಲ್ಲ. ಪಾಕಿಸ್ತಾನದ ಕ್ಯಾಪ್ಟನ್ ಶೈಜಾ ಖಾನ್ ಲೆಗ್ ಸ್ಪಿನ್ ಹಾಕಿ 226ಕ್ಕೆ 13 ವಿಕೆಟ್, ಜೊತೆಗೆ ಹ್ಯಾಟ್ರಿಕ್ ಬೇರೆ. ಇಷ್ಟೆಲ್ಲ ಮಾಡಿಯೂ ಪಂದ್ಯ ಡ್ರಾ! ನನಗೆ ಸನಾ ಮೀರ್ ಬಿಟ್ಟರೆ ಅಲ್ಲಿನ ಯಾವ ಕ್ಯಾಪ್ಟನ್ ಹೆಸರೂ ಗೊತ್ತಿರಲಿಲ್ಲ. ಶೈಜಾ ನಿಜಕ್ಕೂ ದೊಡ್ಡ ಆಟಗಾರ್ತಿನಾ, ಅಥವಾ ಒಂದು ಪಂದ್ಯದಲ್ಲಿ ಎಲ್ಲ ಕೂಡಿ ಬಂತಾ?

ಲೆಗ್‌ಬ್ರೇಕ್ ಅಭಿಮಾನಿ:
ಒಂದು ಪಂದ್ಯ ಅಂತೀರಲ್ಲ, ಅವರು ಆಡಿದ್ದೇ ಮೂರು ಟೆಸ್ಟ್ ಸಾರ್. ಪಾಕಿಸ್ತಾನದ ಮಹಿಳೆಯರು ಆಡಿರುವುದೂ ಅಷ್ಟೇ: 1998ರಲ್ಲಿ ಕೊಲಂಬೊ, 2000ದಲ್ಲಿ ಡಬ್ಲಿನ್, 2004ರಲ್ಲಿ ಕರಾಚಿ. ಮೂರಕ್ಕೂ ಶೈಜಾ ಅವರೇ ಕ್ಯಾಪ್ಟನ್.

ಕಥೆ ಶುರುವಾಗುವುದು 1996ರಲ್ಲಿ. ಕರಾಚಿಯ ಈ ಶೈಜಾ, ತಂಗಿ ಶರ್ಮೀನ್, ಇಬ್ಬರೂ ಇಂಗ್ಲೆಂಡಿನಲ್ಲಿ ಓದಿದವರು. ವಾಪಸ್ ಬಂದು ಮಹಿಳೆಯರ ಕ್ರಿಕೆಟ್ ಸಂಘ ಕಟ್ಟಿ ತಂಡ ಎಬ್ಬಿಸಲು ಹೋದರೆ ಕೋರ್ಟ್ ಕೇಸು, ಕೊಲೆ ಬೆದರಿಕೆ. 1997ರ ಕೊನೆಗೆ ಭಾರತದಲ್ಲಿ ವಿಶ್ವಕಪ್ ಇತ್ತು, ಅದಕ್ಕೆ ಅರ್ಹತೆ ಸಿಗಬೇಕಾದರೆ ಮೊದಲು ಮೂರು ಅಂತಾರಾಷ್ಟ್ರೀಯ ಪಂದ್ಯ ಆಡಲೇಬೇಕು. ಹಾಗಾಗಿ ಆ ವರ್ಷದ ಜನವರಿಯಲ್ಲಿ ನ್ಯೂಜಿಲೆಂಡ್‌ಗೆ ಹೊರಟರು. ಕ್ರೈಸ್ಟ್‌ಚರ್ಚ್‌ನ ಎರಡನೇ ಪಂದ್ಯದಲ್ಲಿ ಆ ಕಡೆಯವರು ಹೊಡೆದಿದ್ದು 455, ಇವರು 47ಕ್ಕೆ ಆಲೌಟ್. ಅಲ್ಲಿಂದ ಮೆಲ್ಬರ್ನ್. ಆಸ್ಟ್ರೇಲಿಯಾ 397, ಇವರು 23. ಇಪ್ಪತ್ತಮೂರು, ಸರಿಯಾಗಿಯೇ ಓದಿದಿರಿ. ಆದರೆ ಮೂರು ಪಂದ್ಯ ಮುಗಿದವು, ವಿಶ್ವಕಪ್‌ಗೆ ಬಂದರು. ಅಲ್ಲೂ ಒಂದೂ ಗೆಲ್ಲಲಿಲ್ಲ, ಅದು ಬೇರೆ ಮಾತು.

ಕವರ್ ಪಾಯಿಂಟ್:
ನಾನು ಸ್ವಲ್ಪ ತಕರಾರು ಮಾಡ್ತೀನಿ. ಮನೆಯಲ್ಲಿ ಚೆನ್ನಾಗಿ ದುಡ್ಡಿತ್ತು, ಅಪ್ಪನದು ಕಾರ್ಪೆಟ್ ವ್ಯಾಪಾರ. ತಾವೇ ಸಂಘ ಕಟ್ಟಿ, ತಾವೇ ದುಡ್ಡು ಹಾಕಿ, ಅಕ್ಕ ಕ್ಯಾಪ್ಟನ್, ತಂಗಿ ಆಟಗಾರ್ತಿ. ನಮ್ಮ ಗಲ್ಲಿಯಲ್ಲಿ ಬ್ಯಾಟ್ ತಂದವನೇ ಮೊದಲು ಬ್ಯಾಟಿಂಗ್ ಮಾಡ್ತಿದ್ದ ಹಾಗಾಯಿತು, ಅಲ್ವಾ? ಆಗ ಬೇರೆ ಮಹಿಳಾ ಸಂಘಗಳೂ ಇದ್ದವು, ನಿಜವಾದ ತಂಡ ಯಾರದು ಅಂತ ಜಗಳ ನಡೆದಿತ್ತು. ಪಾಕಿಸ್ತಾನ ಕ್ರಿಕೆಟ್ ಮಂಡಳಿ 2005ರಲ್ಲಿ ಮಹಿಳಾ ಕ್ರಿಕೆಟ್ ವಹಿಸಿಕೊಂಡ ಮೇಲೆ ತಾನೇ ಸನಾ ಮೀರ್ ಬಂದದ್ದು? 2010, 2014ರ ಏಷ್ಯನ್ ಗೇಮ್ಸ್ ಚಿನ್ನ ಆಕೆಯ ನಾಯಕತ್ವದಲ್ಲೇ ಬಂತು. 2018ರಲ್ಲಿ ಏಕದಿನ ಬೌಲಿಂಗ್‌ನಲ್ಲಿ ನಂಬರ್ 1, 2025ರಲ್ಲಿ ಐಸಿಸಿ ಹಾಲ್ ಆಫ್ ಫೇಮ್. ನನ್ನ ಲೆಕ್ಕದಲ್ಲಿ ನಿಜವಾದ ಕ್ಯಾಪ್ಟನ್ ಅಂದರೆ ಆಕೆ.

ಲೆಗ್‌ಬ್ರೇಕ್ ಅಭಿಮಾನಿ:
ಬ್ಯಾಟ್ ತಂದವನ ಕಥೆ ಒಪ್ಪಿದೆ, ನಗುವೂ ಬಂತು 😄 ಆದರೆ ಗಲ್ಲಿಯಲ್ಲಿ ಬ್ಯಾಟ್ ಒಬ್ಬನ ಹತ್ತಿರವೇ ಇದ್ದರೆ ಅವನಿಲ್ಲದೆ ಆಟವೇ ಇಲ್ಲ. ಮಂಡಳಿ ತಿರುಗಿಯೂ ನೋಡದ ಕಾಲ ಅದು. ನಮ್ಮಲ್ಲೂ ಬಿಸಿಸಿಐ ಮಹಿಳಾ ಕ್ರಿಕೆಟ್ ಸೇರಿಸಿಕೊಂಡಿದ್ದು 2006ರಲ್ಲಿ. ಬೆಂಗಳೂರಲ್ಲಿ 1976ರಲ್ಲೇ ನಮ್ಮ ಶಾಂತಾ ರಂಗಸ್ವಾಮಿ ಭಾರತದ ಮೊದಲ ಮಹಿಳಾ ಟೆಸ್ಟ್‌ಗೆ ಕ್ಯಾಪ್ಟನ್ ಆಗಿದ್ದರು, ಅದೂ ಬೋರ್ಡಿನ ನೆರಳಿಲ್ಲದೆ.

ಸ್ಕೋರ್‌ಕಾರ್ಡ್ ಹುಳ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಡಬ್ಲಿನ್ ಮತ್ತು ಕರಾಚಿ ಮಧ್ಯೆ ಇದೆ. 2000ದಲ್ಲಿ ಐರ್ಲೆಂಡ್ ಎದುರು 53 ಮತ್ತು 86ಕ್ಕೆ ಆಲೌಟ್, ಇನಿಂಗ್ಸ್ ಸೋಲು. ಆ ಪ್ರವಾಸದಲ್ಲೇ 12 ವರ್ಷದ ಸಜ್ಜಿದಾ ಶಾಳನ್ನು ಆಡಿಸಿದರು, ಆಟಗಾರ್ತಿಯರು ಎಷ್ಟು ಕಮ್ಮಿ ಇದ್ದರು ನೋಡಿ. ನಾಲ್ಕು ವರ್ಷ ಆದ ಮೇಲೆ ಕಿರಣ್ ಜೊತೆ ಆ 241 ಜೊತೆಯಾಟ ಆಡಿದ್ದು ಅದೇ ಹುಡುಗಿ. ಪಾಕಿಸ್ತಾನ 426ಕ್ಕೆ ಡಿಕ್ಲೇರ್ ಮಾಡಿತು. ಶೈಜಾ 59ಕ್ಕೆ 7 ತೆಗೆದು ವೆಸ್ಟ್ ಇಂಡೀಸ್ ಅನ್ನು 147ಕ್ಕೆ ಉರುಳಿಸಿ ಫಾಲೋ ಆನ್ ಹಾಕಿದರು, ಅಂದರೆ ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿಸಿದರು. ಎರಡನೇ ಸಲ ಅವರು ಜಗ್ಗಲಿಲ್ಲ, ನಾಡೀನ್ ಜಾರ್ಜ್ ಶತಕ ಹೊಡೆದರು, ಮೊತ್ತ 440. ಶೈಜಾ 167 ರನ್ ಕೊಟ್ಟು 6 ವಿಕೆಟ್. ಹೊಡೆಸಿಕೊಂಡರೂ ಚೆಂಡು ಬೇರೆಯವರಿಗೆ ಕೊಟ್ಟು ಕೂರಲಿಲ್ಲ. ಪಂದ್ಯಕ್ಕೆ 13 ವಿಕೆಟ್ ಮಹಿಳಾ ಟೆಸ್ಟ್‌ನಲ್ಲಿ ಬೇರೆ ಯಾರಿಗೂ ಆಗಿಲ್ಲ. 2023ರಲ್ಲಿ ಆಸ್ಟ್ರೇಲಿಯಾದ ಆಶ್ ಗಾರ್ಡ್ನರ್ 12ರ ತನಕ ಬಂದು ನಿಂತರು.

ಕವರ್ ಪಾಯಿಂಟ್:
167 ಕೊಟ್ಟಿದ್ದು ನಾನು ನೋಡಿರಲಿಲ್ಲ. ಸರಿ, ಅರ್ಧ ವಾಪಸ್ ತಗೊಂಡೆ. ಇನ್ನರ್ಧ ಸನಾ ಮೀರ್‌ಗೇ.

ಸ್ಕೋರ್‌ಕಾರ್ಡ್ ಹುಳ:
ಇಬ್ಬರಿಗೂ ಥ್ಯಾಂಕ್ಸ್. ಶರ್ಮೀನ್ 2018ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು ಅಂತ ಈಗಷ್ಟೇ ಓದಿದೆ, ಬರೀ 46 ವರ್ಷ. ಆ ಕರಾಚಿ ಟೆಸ್ಟ್‌ನ ವಿಡಿಯೊ, ಒಂದು ಓವರ್ ಆದರೂ ಪರವಾಗಿಲ್ಲ, ಯಾರ ಹತ್ತಿರವಾದರೂ ಇದೆಯಾ? ಆ ಲೆಗ್‌ಬ್ರೇಕ್ ಎಷ್ಟು ತಿರುಗುತ್ತಿತ್ತು ಅಂತ ನೋಡಬೇಕು.