ಬಿಸಿಲೇರಿದ ಮೇಲೆ ಹಳೆಯ ಕಾರು ಬಂದ್ ಆಗುತ್ತಿದೆ: ಕ್ರ್ಯಾಂಕ್ ಸೆನ್ಸರ್ ಬದಲಿಸಿಯೂ ಪಿ0335 ಕೋಡ್ ಹೋಗಿಲ್ಲ

ಬಿಸಿಲೂರು (ಕಲಬುರಗಿ)

ಎಲ್ಲರಿಗೂ ಶರಣು. ನನ್ನ ಬಳಿ 2009ರ ಮಾದರಿಯ ಪೆಟ್ರೋಲ್ ಕಾರಿದೆ. 1,20,000 ಕಿಲೋಮೀಟರ್ ಓಡಿದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಚಾಲೂ ಆಗುವ ಈ ಗಾಡಿ, ಮಧ್ಯಾಹ್ನ ಹುಮನಾಬಾದಿನ ಕಡೆಗೆ ಹೊರಟರೆ ಕಮಲಾಪುರ ದಾಟುವಷ್ಟರಲ್ಲಿ ಯಾವ ಸೂಚನೆಯನ್ನೂ ಕೊಡದೆ ಬಂದ್ ಆಗುತ್ತದೆ. ಬಾನೆಟ್ ತೆರೆದು ಅರ್ಧ ತಾಸು ನೆರಳಿನಲ್ಲಿ ನಿಲ್ಲಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ ಆಗುತ್ತದೆ. ಬಿಸಿಯ ಮುಳ್ಳು ಎಂದೂ ಅರ್ಧವನ್ನು ದಾಟಿಲ್ಲ, ಕೂಲಂಟ್ ಕೂಡ ಕಡಿಮೆಯಾಗಿಲ್ಲ.

ಸ್ಕ್ಯಾನರ್‌ನಲ್ಲಿ ಪಿ0335 ಎಂಬ ದೋಷದ ಕೋಡ್ ಬಂದದ್ದರಿಂದ ಮೆಕ್ಯಾನಿಕ್ ಕ್ರ್ಯಾಂಕ್ ಸೆನ್ಸರ್ (ಎಂಜಿನ್ನಿನ ತಿರುಗುವಿಕೆಯನ್ನು ಗುರುತಿಸುವ ಸೆನ್ಸರ್) ಬದಲಿಸಿದರು. ಮೋಡ ಮುಚ್ಚಿದ್ದ ನಾಲ್ಕು ದಿನ ಚೆನ್ನಾಗಿ ಓಡಿತು. ಬಿಸಿಲು ಬಿದ್ದ ದಿನವೇ ಮತ್ತೆ ನಿಂತಿತು, ಅದೂ ಹಿಂದಿನ ಸೀಟಿನಲ್ಲಿ ತಾಯಿಯವರು ಇದ್ದಾಗ, ಮುಂದೆ ಹಿಂದೆ ಲಾರಿಗಳಿದ್ದಾಗ. ಆ ಹೊತ್ತಿನ ಹೆದರಿಕೆ ಇನ್ನೂ ಹೋಗಿಲ್ಲ. ಈಗ ಮೆಕ್ಯಾನಿಕ್ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಬದಲಿಸಬೇಕು ಎನ್ನುತ್ತಿದ್ದಾರೆ. ಅಷ್ಟು ಹಣ ಹಾಕುವ ಮುಂಚೆ ನಾನು ಏನನ್ನು ಪರೀಕ್ಷಿಸಬೇಕು?

ಬೀದರ್ ವೈರಿಂಗ್

ಸರ್, ಇಸಿಎಂ ಸದ್ಯಕ್ಕೆ ಬೇಡ. ಪಿ0335 ಎಂದರೆ ಕ್ರ್ಯಾಂಕ್ ಸೆನ್ಸರ್ ಕೆಟ್ಟಿದೆ ಎಂದಲ್ಲ, ಅದರ ಸರ್ಕ್ಯೂಟಿನಲ್ಲಿ ದೋಷವಿದೆ ಎಂದು. ಸರ್ಕ್ಯೂಟ್ ಎಂದರೆ ಸೆನ್ಸರ್, ಅದರ ಕಪ್ಲರ್ (ತಂತಿ ಜೋಡಿಸುವ ಪ್ಲಗ್), ಅಲ್ಲಿಂದ ಇಸಿಎಂವರೆಗಿನ ತಂತಿ, ಇಸಿಎಂನ ಪಿನ್, ಇಷ್ಟೂ ಸೇರಿತು; ನಿಮ್ಮ ಮೆಕ್ಯಾನಿಕ್ ನೋಡಿರುವುದು ಮೊದಲನೆಯದನ್ನು ಮಾತ್ರ. ಕ್ರ್ಯಾಂಕಿನ ಹಲ್ಲುಚಕ್ರ ತಿರುಗುವಾಗ ಸೆನ್ಸರ್ ಕಳಿಸುವ ಸಂಕೇತದಿಂದಲೇ ಪಿಸ್ಟನ್ ಎಲ್ಲಿದೆ ಎಂಬುದು ಇಸಿಎಂಗೆ ತಿಳಿಯುತ್ತದೆ. ಆ ಸಂಕೇತ ತಪ್ಪಿದರೆ ಸಾಮಾನ್ಯವಾಗಿ ಸ್ಪಾರ್ಕ್ ಮತ್ತು ಇಂಜೆಕ್ಟರ್ ಎರಡೂ ಒಟ್ಟಿಗೆ ನಿಲ್ಲುತ್ತವೆ. ನಿಮ್ಮ ಗಾಡಿ ಜರ್ಕ್ ಹೊಡೆಯದೆ ಒಮ್ಮೆಲೇ ಬಂದ್ ಆಗುವುದು ಇದಕ್ಕೆ ಹೊಂದುತ್ತದೆ.

ಪರೀಕ್ಷೆಯನ್ನು ಗಾಡಿ ನಿಂತಿರುವಾಗ, ಇನ್ನೂ ಬಿಸಿಯಿರುವಾಗಲೇ ಮಾಡಬೇಕು. ತಣ್ಣಗಾದ ಗಾಡಿಯನ್ನು ಗ್ಯಾರೇಜಿಗೆ ಒಯ್ದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ರಸ್ತೆಯ ಬದಿಗೆ ನಿಲ್ಲಿಸಿ ಸೆಲ್ಫ್ ಹೊಡೆಯುತ್ತ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. ಸ್ಟಾರ್ಟರ್ ಮೋಟರ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆಯಲ್ಲೇ ಇದ್ದರೆ ಸಂಕೇತ ಇಸಿಎಂ ಮುಟ್ಟುತ್ತಿಲ್ಲ. 200ರ ಆಸುಪಾಸು ತೋರಿಸಿದರೆ ಸಂಕೇತ ಬರುತ್ತಿದೆ, ಆಗ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಮತ್ತು ಅದಕ್ಕೆ ಕರೆಂಟ್ ಕೊಡುವ ರಿಲೇಯನ್ನು ಪರೀಕ್ಷಿಸಿ.

ನಿಮ್ಮದು ಎರಡು ತಂತಿಯ ಮ್ಯಾಗ್ನೆಟಿಕ್ ಸೆನ್ಸರ್ ಆಗಿದ್ದರೆ ಮುಂದಿನ ಹೆಜ್ಜೆ ಮಲ್ಟಿಮೀಟರ್‌ನದು. ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ, ಮೊದಲು ಸೆನ್ಸರ್‌ನಲ್ಲೇ ಓಮ್ ಅಳೆಯಿರಿ. ಬಳಿಕ ಸೆನ್ಸರ್ ಜೋಡಿಸಿ, ಇಸಿಎಂ ಕಪ್ಲರ್ ಬಿಚ್ಚಿ, ಅದರಲ್ಲಿ ಸೆನ್ಸರ್‌ನ ತಂತಿಗಳು ಬರುವ ಎರಡು ಪಿನ್‌ಗಳ ನಡುವೆ ಅಳೆಯಿರಿ. ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಇರಬೇಕು. ಮೀಟರ್ ಹಚ್ಚಿಟ್ಟುಕೊಂಡೇ ತಂತಿಯನ್ನು ಗೇಣು ಗೇಣಾಗಿ ಹಿಡಿದು ಬಾಗಿಸುತ್ತ ಹೋಗಿ. ಎಲ್ಲಿ ಅಂಕಿ ಹಾರುತ್ತದೋ ದೋಷ ಅಲ್ಲಿದೆ. ಮೂರು ತಂತಿಯ ಹಾಲ್ (Hall) ಮಾದರಿಯ ಸೆನ್ಸರ್ ಇದ್ದರೆ ಈ ಓಮ್ ಪರೀಕ್ಷೆ ನಡೆಯುವುದಿಲ್ಲ, ಅದಕ್ಕೆ ವೋಲ್ಟೇಜ್ ನೋಡಬೇಕು.

ಶಹಾಬಾದ್ ರಸ್ತೆ

ಮೇಲಿನವರು ಹೇಳಿದ್ದು ಸರಿಯಾಗಿದೆ. ನಮ್ಮ ಭಾಗದಲ್ಲಿ ಬೇಸಿಗೆಗೆ ನೆರಳಿನಲ್ಲೇ 42 ಡಿಗ್ರಿ ಮುಟ್ಟುತ್ತದೆ. ಅದಕ್ಕೆ ಸೈಲೆನ್ಸರ್ ಮ್ಯಾನಿಫೋಲ್ಡಿನ (ಎಂಜಿನ್ನಿನ ಬಿಸಿ ಹೊಗೆ ಹೊರಹೋಗುವ ಕೊಳವೆಗಳ) ಶಾಖವೂ ಸೇರಿದರೆ ಹದಿನೈದು ವರ್ಷದ ಹಳೆಯ ತಂತಿಯ ಹೊದಿಕೆ ಒಣಗಿದ ತೊಗರಿಕಟ್ಟಿಗೆಯಂತೆ ಗಡುಸಾಗುತ್ತದೆ. ನನ್ನ ಗಾಡಿಯಲ್ಲಿ ತಂತಿಯನ್ನು ಇಲಿ ಕಡಿದಿತ್ತು, ಅದನ್ನೂ ನೋಡಿ. ಟ್ಯಾಂಕಿನಲ್ಲಿ ಪೆಟ್ರೋಲನ್ನು ತಳಕ್ಕೆ ಇಳಿಸಬೇಡಿ; ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದು ಪೆಟ್ರೋಲಿನಿಂದಲೇ.

ಬಿಸಿಲೂರು (ಕಲಬುರಗಿ)

ನಿಮ್ಮಿಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರನ್ನು ಜೊತೆಗೆ ಕೂರಿಸಿಕೊಂಡು ಬೇಕೆಂದೇ ಮಧ್ಯಾಹ್ನ ಹೊರಟೆವು. ಗಾಡಿ ನಿಂತಿತು, ಸೆಲ್ಫ್ ಹೊಡೆದರೆ ಆರ್‌ಪಿಎಂ ಸೊನ್ನೆ. ಸೆನ್ಸರ್‌ನಲ್ಲಿ 870 ಓಮ್ ಬಂತು, ಇಸಿಎಂ ಕಪ್ಲರ್‌ನಲ್ಲಿ ಏನೂ ಬರಲಿಲ್ಲ. ತಂತಿಯನ್ನು ಬಾಗಿಸುತ್ತ ಹೋದಾಗ ಮ್ಯಾನಿಫೋಲ್ಡಿನ ಪಕ್ಕ ಒಂದು ಕಡೆ ಅಂಕಿ ಬಂದು ಹೋಗತೊಡಗಿತು. ಹೊರಗಿನ ಹೊದಿಕೆ ಪೂರ್ತಿ ಇತ್ತು, ಆದರೆ ಬ್ಲೇಡಿನಿಂದ ಸೀಳಿದರೆ ಒಳಗಿನ ತಾಮ್ರ ಹಸಿರುಗಟ್ಟಿ, ಎಳೆಗಳೆಲ್ಲ ತುಂಡಾಗಿ, ತುದಿಗೆ ತುದಿ ತಾಗಿಕೊಂಡಷ್ಟೇ ನಿಂತಿದ್ದವು. ತಣ್ಣಗಿರುವಾಗ ಕೂಡಿಕೊಂಡು ಬಿಸಿಗೆ ಬಿಡುತ್ತಿದ್ದದ್ದು ಅಲ್ಲೇ. ಆ ತುಂಡನ್ನು ತೆಗೆದು ಹೊಸ ತಂತಿ ಬೆಸೆದು, ಶಾಖ ತಡೆಯುವ ಸ್ಲೀವ್ ಹಾಕಿದ್ದೇವೆ. ಇಂದು ಮಟಮಟ ಮಧ್ಯಾಹ್ನ ಬೀದರಿಗೆ ಹೋಗಿ ಬಂದೆ. ಎಲ್ಲಿಯೂ ನಿಲ್ಲಲಿಲ್ಲ, ಕೋಡ್ ಮರಳಿ ಬಂದಿಲ್ಲ.

ಬೀದರ್ ವೈರಿಂಗ್

ಬಹಳ ಸಂತೋಷ ಸರ್. ಹೊಸ ತಂತಿಯನ್ನು ಮ್ಯಾನಿಫೋಲ್ಡಿನಿಂದ ದೂರ ಕಟ್ಟಿ, ಆದರೆ ಬಿಗಿಯಾಗಿ ಎಳೆದು ಕಟ್ಟಬೇಡಿ. ಗೇರ್ ಹಾಕಿ ಕ್ಲಚ್ ಬಿಡುವಾಗ ಎಂಜಿನ್ ಮೌಂಟಿಂಗ್ ಮೇಲೆ ಅಲುಗುತ್ತದೆ. ಎರಡು ಬೆರಳಿನಷ್ಟು ಸಡಿಲ ಬಿಡದಿದ್ದರೆ ಬೆಸುಗೆಯ ಬುಡದಲ್ಲೇ ತಂತಿ ಮತ್ತೆ ತುಂಡಾಗುತ್ತದೆ.