ಜಪಾನಿಗೆ 1899, ಚೀನಾಕ್ಕೆ 1943: ಕಾನ್ಸುಲರ್ ಕೋರ್ಟು ತೆಗೆಸೋಕೆ ಯಾಕಿಷ್ಟು ಅಂತರ?

ವಿಜಯನಗರ_ಓದುಗ:
ಇಬ್ಬರ ಮೇಲೂ ಪಾಶ್ಚಾತ್ಯ ದೇಶಗಳು ಇದನ್ನು ಹೇರಿದ್ದು ಹತ್ತೊಂಬತ್ತನೇ ಶತಮಾನದ ನಡುವೆಯೇ. ತಪ್ಪು ಮಾಡಿದ ವಿದೇಶಿಯನ್ನು ಅಲ್ಲಿರೋ ಅವನ ದೇಶದ ಕಾನ್ಸುಲ್ಲೇ (ಆ ದೇಶದ ಪ್ರತಿನಿಧಿ ಅಧಿಕಾರಿ) ವಿಚಾರಿಸಬೇಕು ಅನ್ನೋ ಕರಾರು. ಜಪಾನ್ ಬೇಗ ಕಳಚಿಕೊಂಡಿದ್ದು ಬರೀ ಸೈನ್ಯದ ಬಲದಿಂದಲಾ?

ಬಸವನಗುಡಿ_ಬಿ:
ತಾಳೆ ಆಗಲ್ಲ. ಈ ಕೋರ್ಟು ತೆಗೆಯೋ ಬ್ರಿಟನ್–ಜಪಾನ್ ಒಪ್ಪಂದಕ್ಕೆ ಲಂಡನ್ನಿನಲ್ಲಿ ಸಹಿ ಬಿದ್ದದ್ದು 1894ರ ಜುಲೈ 16ಕ್ಕೆ, ಜಪಾನ್ ಚೀನಾ ಮೇಲೆ ಯುದ್ಧ ಘೋಷಿಸಿದ್ದು ಆಮೇಲೆ, ಆಗಸ್ಟ್ 1ಕ್ಕೆ.

ತೊಡಕು ಇದ್ದದ್ದು ಪರಮಾಪ್ತ ರಾಷ್ಟ್ರದ ಷರತ್ತಿನಲ್ಲಿ. ಒಬ್ಬರಿಗೆ ಕೊಟ್ಟ ಸೌಲಭ್ಯ ಎಲ್ಲರೂ ಕೇಳಬಹುದು, ಒಬ್ಬರು ಬಿಟ್ಟುಕೊಟ್ಟರೆ ಮಿಕ್ಕವರಿಗೆ ಅದು ಅನ್ವಯಿಸಲ್ಲ. ಅದಕ್ಕೇ 1886–87ರಲ್ಲಿ ಜಪಾನಿನ ವಿದೇಶಾಂಗ ಮಂತ್ರಿ ಇನೋವೆ ಎಲ್ಲರನ್ನೂ ಟೋಕಿಯೊದಲ್ಲಿ ಒಟ್ಟಿಗೆ ಕೂರಿಸಿದ. ಅವರು ಕೇಳಿದ ಬೆಲೆ, ಜಪಾನಿನ ಕೋರ್ಟುಗಳಲ್ಲಿ ವಿದೇಶಿ ಜಡ್ಜುಗಳು. ಅದೇ ಹೊತ್ತಿಗೆ ನಾರ್ಮಂಟನ್ ಹಡಗು ಮುಳುಗಿ ಜಪಾನಿ ಪ್ರಯಾಣಿಕರು 25 ಜನ ಸತ್ತಿದ್ದರು. ಕೋಬೆಯ ಕಾನ್ಸುಲರ್ ವಿಚಾರಣೆ ಬ್ರಿಟಿಷ್ ಕ್ಯಾಪ್ಟನ್ನನ್ನು ಬಿಟ್ಟೇ ಬಿಟ್ಟಿತು, ಗಲಾಟೆಯಾದ ಮೇಲೆ 3 ತಿಂಗಳು ಜೈಲು. ಇಂಥ ಹೊತ್ತಲ್ಲಿ ವಿದೇಶಿ ಜಡ್ಜು ಅಂದ್ರೆ ಯಾರು ಒಪ್ತಾರೆ? ಇನೋವೆ ಕುರ್ಚಿ ಹೋಯ್ತು. ಆಮೇಲೆ ಬಂದ ಮಂತ್ರಿ ಒಕುಮಾ ವಿದೇಶಿ ಜಡ್ಜುಗಳನ್ನು ಸರ್ವೋಚ್ಚ ನ್ಯಾಯಾಲಯಕ್ಕಷ್ಟೇ ಸೀಮಿತ ಮಾಡಲು ಹೋದ, 1889ರಲ್ಲಿ ಬಾಂಬ್ ದಾಳಿಗೆ ಕಾಲು ಕಳಕೊಂಡ.

1894ರ ವಿದೇಶಾಂಗ ಮಂತ್ರಿ ಮುತ್ಸು ಬ್ರಿಟನ್ ಒಂದನ್ನೇ ಮೊದಲು ಹಿಡಿದ. ವಿದೇಶಿ ಜಡ್ಜು ಇಲ್ಲವೇ ಇಲ್ಲ. ಬದಲಿಗೆ ಒಳನಾಡಿನಲ್ಲಿ ವಾಸ, ವ್ಯಾಪಾರಕ್ಕೆ ಅವಕಾಶ. ಜಾರಿಗೆ ಕನಿಷ್ಠ 5 ವರ್ಷ, ಅಷ್ಟರೊಳಗೆ ಜಪಾನಿನ ಹೊಸ ಕಾನೂನು ಸಂಹಿತೆಗಳು ಜಾರಿಯಲ್ಲಿರಬೇಕು. ಸಿವಿಲ್ ಸಂಹಿತೆ 1898ಕ್ಕೆ ಬಂತು, ಒಪ್ಪಂದ 1899ರ ಜುಲೈ 17ಕ್ಕೆ.

ಮಲ್ಲೇಶ್ವರ_ಎಂ:
ಪೂರ್ತಿ ಗೆಲುವು ಅನ್ನಬೇಡಿ. ಹಳೇ ವಿದೇಶಿ ವಸತಿಗಳ ಶಾಶ್ವತ ಗುತ್ತಿಗೆಗಳು ಹಾಗೇ ಉಳಿದವು. ಅಲ್ಲಿನ ಮನೆಗಳಿಗೆ ತೆರಿಗೆ ಹಾಕಿದಾಗ ಬ್ರಿಟನ್, ಫ್ರಾನ್ಸ್, ಜರ್ಮನಿ ಹೇಗ್‌ನ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಹೋದವು, 1905ರಲ್ಲಿ ಜಪಾನ್ ಸೋತಿತು. ಆಮದು ಸುಂಕವನ್ನು ತಾನೇ ನಿಗದಿ ಮಾಡೋ ಸ್ವಾತಂತ್ರ್ಯ ಸಿಕ್ಕಿದ್ದು 1911ಕ್ಕೆ.

ಚೀನಾಕ್ಕೆ ಕೊಟ್ಟ ಮಾತಿನಲ್ಲಿ ತಾರೀಖೇ ಇರಲಿಲ್ಲ. ಬ್ರಿಟನ್–ಚೀನಾ ನಡುವಿನ 1902ರ ಮೆಕೇ ಒಪ್ಪಂದದ 12ನೇ ವಿಧಿ, ಚೀನಾದ ಕಾನೂನು ಸುಧಾರಿಸಿದೆ ಅಂತ ಬ್ರಿಟನ್ನಿಗೆ ತೃಪ್ತಿಯಾದಾಗ ಬಿಡ್ತೀವಿ ಅನ್ನುತ್ತೆ. ತೃಪ್ತಿ ಅಳೆಯೋರು ಯಾರು? ಬ್ರಿಟನ್ನೇ! ಇದನ್ನೇ ಪರಿಶೀಲಿಸಿದ 1926ರ ಅಂತರರಾಷ್ಟ್ರೀಯ ಆಯೋಗವೂ ಮೊದಲು ಸುಧಾರಣೆ ಅಂತಲೇ ಹೇಳಿತು. ಕೊನೆಗೆ ಬಿಟ್ಟಿದ್ದು 1943ರ ಜನವರಿ 11ಕ್ಕೆ, ಯುದ್ಧದಲ್ಲಿ ಚೀನಾ ಮಿತ್ರನಾಗಿ ಬೇಕಾದಾಗ. ಅದೇ ಈಜಿಪ್ಟ್ ನೋಡಿ, 1937ರಲ್ಲಿ ಸ್ವಿಟ್ಜರ್ಲೆಂಡಿನ ಮಾಂತ್ರೋದಲ್ಲಿ 12 ವರ್ಷದ ಗಡುವನ್ನು ಬರೆಸಿಕೊಂಡಿತ್ತು. ವಿದೇಶಿ ಜಡ್ಜುಗಳೂ ಕೂರುತ್ತಿದ್ದ ಅಲ್ಲಿನ ಮಿಶ್ರ ನ್ಯಾಯಾಲಯಗಳು 1949ರಲ್ಲಿ ಹೇಳಿದ ದಿನಕ್ಕೇ ಮುಚ್ಚಿದವು.

ವಿಜಯನಗರ_ಓದುಗ:
ನಮ್ಮ ಬೆಂಗಳೂರಿನ ದಂಡು ಪ್ರದೇಶವನ್ನೂ (ಕಂಟೋನ್ಮೆಂಟ್) ಇದಕ್ಕೆ ಸೇರಿಸಬಹುದಾ?

ಬಸವನಗುಡಿ_ಬಿ:
ಬೇಡ, ಪರೀಕ್ಷೆಯಲ್ಲಿ ಅಂಕ ಹೋಗುತ್ತೆ. ಕಾನ್ಸುಲರ್ ಕೋರ್ಟು ನೋಡೋದು ಆಸಾಮಿ ಯಾವ ದೇಶದ ಪ್ರಜೆ ಅಂತ. ಇಲ್ಲಿ ಬ್ರಿಟಿಷರು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದು ಜಾಗದ ಆಡಳಿತ. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದರೂ ದಂಡು ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟರ ಕೈಯಲ್ಲೇ ಉಳಿಯಿತು, ವಾಪಸ್ ಬಂದದ್ದು 1947ರ ಜುಲೈನಲ್ಲಿ.