ವಸತಿ ವ್ಯಸನಮುಕ್ತಿ ಕೇಂದ್ರದಲ್ಲಿ ಗುಂಪು ಚಿಕಿತ್ಸೆಯಿಂದ ನಿಜವಾಗಿ ಪ್ರಯೋಜನವಿದೆಯೇ?

ಪ್ರಶ್ನೆ: ಆಲ್ದೂರು ಕಡೆಯ ಅಕ್ಕ, ಚಿಕ್ಕಮಗಳೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಕಾಫಿ ತೋಟವೊಂದರಲ್ಲಿ ರೈಟರ್ (ಆಳುಗಳ ಹಾಜರಿ, ಕೂಲಿ ಲೆಕ್ಕ ನೋಡುವ ಕೆಲಸ) ಆಗಿರುವ ನನ್ನ ತಮ್ಮನಿಗೆ ಕುಡಿತ ಮಿತಿಮೀರಿ, ಬೆಳಿಗ್ಗೆ ಏಳುತ್ತಲೇ ಕೈ ನಡುಗುವ ಸ್ಥಿತಿ ಬಂದಿತ್ತು. ಆಸ್ಪತ್ರೆಯಲ್ಲಿ ಮೊದಲ ಹಂತದ ಚಿಕಿತ್ಸೆ ಮುಗಿದ ಮೇಲೆ, ವೈದ್ಯರ ಸಲಹೆಯಂತೆ ಮತ್ತು ಅವನ ಒಪ್ಪಿಗೆಯಿಂದಲೇ, ವಸತಿ ಕೇಂದ್ರವೊಂದಕ್ಕೆ ಸೇರಿಸಿದ್ದೇವೆ. ಅಲ್ಲಿ ದಿನದ ಬಹುಪಾಲು ಹೊತ್ತು ಎಲ್ಲರನ್ನೂ ಗುಂಪಿನಲ್ಲಿ ಕೂರಿಸಿ ಮಾತನಾಡಿಸುತ್ತಾರಂತೆ. ಫೋನ್ ಮಾಡಿದಾಗಲೆಲ್ಲ "ಅಕ್ಕಾ, ಇಲ್ಲಿ ಬೇರೆಯವರು ಕುಡಿದ ಕಥೆ ಕೇಳಿಕೊಂಡು ಕೂರಬೇಕು ಅಷ್ಟೆ, ಇದರಿಂದ ನನಗೇನು ಬಂತು" ಎನ್ನುತ್ತಾನೆ. ಅವನ ಗುಂಪಿನಲ್ಲಿ ನಮ್ಮ ಪಕ್ಕದ ಊರಿನವರೊಬ್ಬರು ಇದ್ದಾರೆಂದು ತಿಳಿದ ಮೇಲೆ ಅಮ್ಮನಿಗೆ ನಿದ್ದೆಯಿಲ್ಲ. ಮನೆಯೊಳಗಿನ ವಿಷಯಗಳು ಊರಿನ ಬಾಯಿಗೆ ಬೀಳುತ್ತವೆ, ಒಬ್ಬೊಬ್ಬರನ್ನೇ ಕೂರಿಸಿ ಆಪ್ತಸಮಾಲೋಚನೆ ಮಾಡುವ ಕಡೆಗೆ ಕರೆದುಕೊಂಡು ಹೋಗೋಣ ಎಂಬುದು ಅವರ ಹಟ.

ನನಗೆ ತಿಳಿಯಬೇಕಾದದ್ದು ಇಷ್ಟು: ಗುಂಪಿನಲ್ಲಿ ಕೂರುವುದಕ್ಕೆ ಚಿಕಿತ್ಸೆಯ ಬೆಲೆ ಇದೆಯೇ, ಅಥವಾ ಸಿಬ್ಬಂದಿ ಸಾಲದ ಕಡೆ ಅನುಸರಿಸುವ ಅನುಕೂಲದ ಕ್ರಮವೇ? ಮತ್ತು ಗೋಪ್ಯತೆಯ ಬಗ್ಗೆ ನಾವು ಏನು ಮಾಡಬಹುದು?

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಹಾಸನ

ನಿಮ್ಮ ತಮ್ಮ ಒಪ್ಪಿ ಸೇರಿದ್ದಾರೆ ಮತ್ತು ಮೊದಲು ಆಸ್ಪತ್ರೆಯ ಚಿಕಿತ್ಸೆ ಆಗಿದೆ ಎಂಬ ಎರಡು ಸಂಗತಿಗಳೂ ಬಹಳ ಒಳ್ಳೆಯವು. ನಿತ್ಯ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಸಂಭವವಿರುತ್ತದೆ. ಎರಡರಿಂದ ನಾಲ್ಕನೆಯ ದಿನದ ಆಸುಪಾಸಿನಲ್ಲಿ ಕೆಲವರಿಗೆ ದಿಕ್ಕು ತಪ್ಪಿದಂತಾಗಿ, ಇಲ್ಲದ್ದು ಕಾಣುವ, ಜೀವಕ್ಕೇ ಅಪಾಯವಾಗುವ ಸ್ಥಿತಿ ಉಂಟಾಗುತ್ತದೆ. ಆ ಹಂತದಲ್ಲಿ ಬೇಕಾದದ್ದು ಔಷಧಿ, ಥಯಾಮಿನ್ (ಬಿ1 ವಿಟಮಿನ್) ಮತ್ತು ದಾದಿಯರ ಕಣ್ಗಾವಲು. ಆಗ ಯಾರನ್ನೂ ಗುಂಪಿನಲ್ಲಿ ಕೂರಿಸಬಾರದು. ಆದರೆ ದೇಹ ಸುಧಾರಿಸಿದ ಮಾತ್ರಕ್ಕೆ ಕುಡಿತಕ್ಕೆ ಕಾರಣ ಹುಡುಕುವ ಮನಸ್ಸು ಬದಲಾಗುವುದಿಲ್ಲ. ಗುಂಪಿನ ಕೆಲಸ ಶುರುವಾಗುವುದು ಅಲ್ಲಿಂದ.

ವ್ಯಸನವಿರುವವರು ಮನೆಯವರ ಮಾತನ್ನು ದೂರು ಎಂದು ಕೇಳಿಸಿಕೊಳ್ಳುತ್ತಾರೆ, ವೈದ್ಯರ ಮಾತನ್ನು ಉಪದೇಶ ಎಂದು ಬದಿಗಿಡುತ್ತಾರೆ. ಅದೇ ಮಾತು, ತನ್ನಂತೆಯೇ ಬಾಟಲಿಯನ್ನು ಗೊಬ್ಬರದ ಚೀಲದ ಹಿಂದೆ ಬಚ್ಚಿಟ್ಟವನೊಬ್ಬನಿಂದ ಬಂದಾಗ ತಳ್ಳಿಹಾಕುವುದು ಕಷ್ಟ, ಏಕೆಂದರೆ ಅಲ್ಲಿ ಕೂತವರಿಗೆಲ್ಲ ಆ ಸಮಜಾಯಿಷಿಗಳು ಬಾಯಿಪಾಠ. "ನಾನೊಬ್ಬನೇ ಇಷ್ಟು ಕೆಟ್ಟವನು" ಎಂಬ ನಾಚಿಕೆಯೂ ಅಲ್ಲಿ ಸಡಿಲವಾಗುತ್ತದೆ. ಗುಂಪು ಚಿಕಿತ್ಸೆಯನ್ನು ಆಳವಾಗಿ ಅಭ್ಯಸಿಸಿದ ಅಮೆರಿಕದ ಮನೋವೈದ್ಯ ಇರ್ವಿನ್ ಯಾಲೋಮ್ ಅವರು ಗುಣಪಡಿಸುವ ಅಂಶಗಳನ್ನು ಪಟ್ಟಿ ಮಾಡುವಾಗ, ತನ್ನ ಕಷ್ಟ ತನ್ನೊಬ್ಬನದಲ್ಲ ಎಂಬ ಅರಿವಿನ ಜೊತೆಗೆ, ಇನ್ನೊಬ್ಬರಿಗೆ ನೆರವಾಗುವುದರಿಂದ ತನಗೇ ಸಿಗುವ ಬಲವನ್ನೂ ಸೇರಿಸಿದ್ದಾರೆ. ಎರಡನೆಯದನ್ನು ನಾನು ವಾರ್ಡಿನಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ: ವರ್ಷಗಟ್ಟಲೆ ಮನೆಯವರಿಂದ ಬೈಗುಳವನ್ನಷ್ಟೇ ಕೇಳಿದ ಮನುಷ್ಯ, ಹೊಸದಾಗಿ ಬಂದವನಿಗೆ ಧೈರ್ಯ ಹೇಳುವಾಗ ತನಗೂ ಯೋಗ್ಯತೆಯಿದೆ ಎಂದು ಮೊದಲ ಬಾರಿ ನಂಬುತ್ತಾನೆ. ಒಬ್ಬ ಆಪ್ತಸಮಾಲೋಚಕರ ಎದುರು ಎಷ್ಟು ಹೊತ್ತು ಕೂತರೂ ಈ ಅವಕಾಶ ಸಿಗುವುದಿಲ್ಲ.

ಆದರೂ ನಿಮ್ಮ ತಮ್ಮನ ದೂರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕುಡಿದ ಕಥೆಗಳನ್ನು ಸರದಿಯಂತೆ ಹೇಳಿಸುವುದಷ್ಟೇ ನಡೆಯುತ್ತಿದ್ದರೆ ಅದು ಚಿಕಿತ್ಸೆಯಾಗುವುದಿಲ್ಲ. ಮದ್ಯ ದೇಹಕ್ಕೆ ಏನು ಮಾಡುತ್ತದೆಂದು ತಿಳಿಸುವ ತರಗತಿ ಒಂದು ಬಗೆ. ಮದುವೆ ಮನೆಯಲ್ಲಿ ಲೋಟ ಚಾಚಿದ ನೆಂಟರಿಗೆ ಬೇಡವೆನ್ನುವುದು ಹೇಗೆ, ಸಂಜೆಯ ತುಡಿತವನ್ನು ದಾಟುವುದು ಹೇಗೆ ಎಂದು ಪಾತ್ರ ವಹಿಸಿ ಅಭ್ಯಾಸ ಮಾಡಿಸುವುದು ಇನ್ನೊಂದು. ಸಿಟ್ಟು, ದುಃಖ, ಸಂಬಂಧಗಳ ಬಿರುಕನ್ನು ಬಿಚ್ಚಿಡುವುದು ಮತ್ತೊಂದು. ಮೂರೂ ನಡೆಯುತ್ತಿವೆಯೇ, ಗುಂಪಿನಲ್ಲಿ ಎಷ್ಟು ಜನರಿದ್ದಾರೆ, ತರಬೇತಿ ಪಡೆದವರು ಆರಂಭದಿಂದ ಕೊನೆಯವರೆಗೆ ಇರುತ್ತಾರೆಯೇ ಎಂದು ಕೇಂದ್ರದವರನ್ನೇ ಕೇಳಿ. ಹತ್ತು ಹನ್ನೆರಡು ಜನರನ್ನು ಮೀರಿದರೆ ಮಾತಿನ ಮಲ್ಲರು ಮಾತನಾಡುತ್ತಾರೆ, ಉಳಿದವರು ಗೋಡೆಗೆ ಒರಗುತ್ತಾರೆ.

ಸಂಶೋಧನೆಯ ವಿಷಯಕ್ಕೆ ಬಂದರೆ, ಕುಡಿತ ಬಿಡಬಯಸುವವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಮತ್ತು ಅದರ ಸಭೆಗಳಿಗೆ ಜನರನ್ನು ಜೋಡಿಸುವ ಚಿಕಿತ್ಸೆಗಳ ಬಗ್ಗೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ 27 ಅಧ್ಯಯನಗಳು ಮತ್ತು 10,565 ಜನರ ಮಾಹಿತಿಯಿತ್ತು. ಕ್ರಮಬದ್ಧವಾಗಿ ನಡೆಸಿದ ಇಂಥ ಚಿಕಿತ್ಸೆಗಳು, ಕುಡಿತವನ್ನು ಸತತವಾಗಿ ಬಿಟ್ಟಿರುವ ವಿಷಯದಲ್ಲಿ, ಬೇರೆ ಮಾನ್ಯ ಚಿಕಿತ್ಸೆಗಳಿಗಿಂತ ಉತ್ತಮ ಫಲ ಕೊಟ್ಟದ್ದು ಅದರಲ್ಲಿ ಕಂಡುಬಂತು. ಇದು ಎಲ್ಲ ಬಗೆಯ ಗುಂಪು ಚಿಕಿತ್ಸೆಗೂ ಸಿಕ್ಕ ಪ್ರಮಾಣಪತ್ರವಲ್ಲ ಎಂಬುದನ್ನು ಗಮನದಲ್ಲಿಡಿ. ಒಂಟಿ ಸಮಾಲೋಚನೆಯನ್ನು ಬೇಡವೆನ್ನುವುದಕ್ಕೂ ಅದು ಆಧಾರವಾಗುವುದಿಲ್ಲ. ಒಳ್ಳೆಯ ಕೇಂದ್ರದಲ್ಲಿ ಗುಂಪೂ ಇರುತ್ತದೆ, ಪ್ರತ್ಯೇಕ ಸಮಾಲೋಚನೆಯೂ ಇರುತ್ತದೆ, ಮನೋವೈದ್ಯರು ಸೂಚಿಸಿದರೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿಯೂ ಇರುತ್ತದೆ.

ಗೋಪ್ಯತೆಯ ಪ್ರಶ್ನೆ ನಮ್ಮ ಮಲೆನಾಡಿನ ಊರುಗಳಲ್ಲಿ ನಿಜಕ್ಕೂ ಗಂಭೀರವಾದದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದೆ. ಅದರ ಪ್ರಕಾರ ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವುದು ಚಿಕಿತ್ಸೆ ನೀಡುವವರ ಕರ್ತವ್ಯ. ಆದರೆ ಆ ಕರ್ತವ್ಯ ಪಕ್ಕದಲ್ಲಿ ಕೂತ ಸಹರೋಗಿಯ ಮೇಲಿಲ್ಲ. ಅಲ್ಲಿ ಕಾಪಾಡಬೇಕಾದದ್ದು ಗುಂಪಿನ ನಿಯಮ: ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು, ಮುರಿದವರು ಗುಂಪಿನಿಂದ ಹೊರಗೆ. ಆ ನಿಯಮವನ್ನು ಪ್ರತಿ ಸಭೆಯ ಮೊದಲು ಹೇಳುತ್ತಾರೆಯೇ ಎಂದು ವಿಚಾರಿಸಿ. ಪಕ್ಕದ ಊರಿನವರು ಇರುವುದರಿಂದ ಗುಂಪು ಬದಲಿಸಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ, ಅದು ನ್ಯಾಯವಾದ ಬೇಡಿಕೆ. ಮನೆಯ ಹೆಣ್ಣುಮಕ್ಕಳ ವಿಷಯ, ಆಸ್ತಿಯ ಜಗಳ, ಹಿಂದಿನ ದೌರ್ಜನ್ಯ ಇಂಥವನ್ನು ಪ್ರತ್ಯೇಕ ಸಮಾಲೋಚನೆಗೆ ಇಟ್ಟುಕೊಳ್ಳಬಹುದೆಂದೂ ಅವರಿಗೆ ತಿಳಿಸಿ.

ಉತ್ತರ: ಕುಡಿತ ಬಿಟ್ಟವರು, ಸಕಲೇಶಪುರ

ಮೇಲಿನ ಮೇಡಂ ಹೇಳಿದ್ದನ್ನು ಒಪ್ಪುತ್ತಾ, ಒಳಗೆ ಕೂತವನ ಕಡೆಯಿಂದ ಒಂದು ಸಂಗತಿಯನ್ನು ಸೇರಿಸುತ್ತೇನೆ.

ಮೊದಲ ವಾರ ನನಗೂ ಬೇಸರವೇ ಆಗಿತ್ತು. ಒಂದು ದಿನ, ಹೊರಗೆ ಹೋದ ಮೇಲೆ ಹೇಗೆ ಇರುತ್ತೇನೆಂದು ಎಲ್ಲರೂ ಹೇಳಬೇಕಾಗಿತ್ತು. ತೋಟದ ಕೆಲಸ, ಮನೆ, ಮಕ್ಕಳ ಓದು ಎಂದು ನಾನು ಚೆನ್ನಾಗಿಯೇ ವಿವರಿಸಿದೆ. ಸಮಾಲೋಚಕರು ಮೆಚ್ಚಿ ತಲೆಯಾಡಿಸುವಷ್ಟರಲ್ಲಿ, ಎದುರಿಗೆ ಕೂತಿದ್ದ ಬಸ್ ಚಾಲಕರೊಬ್ಬರು "ಅದೆಲ್ಲ ಸರಿ ಮಾರಾಯ, ಬಟವಾಡೆ ದಿನ ದುಡ್ಡು ಯಾರ ಕೈಗೆ ಬರುತ್ತೆ?" ಎಂದು ಕೇಳಿದರು. ಕೂಲಿ ಬಟವಾಡೆಯಾಗುವ ದಿನ, ಸಂತೆಗೆ ಹೋಗುವ ದಾರಿ, ದಾರಿಯಲ್ಲಿ ಸಿಗುವ ಜೊತೆಗಾರರು, ಇವಿಷ್ಟನ್ನೇ ನಾನು ನನ್ನ ಯೋಜನೆಯಿಂದ ಬಿಟ್ಟಿದ್ದೆ. ಓದಿದ ಸಮಾಲೋಚಕರಿಗೆ ಹೊಳೆಯದ ಆ ಪ್ರಶ್ನೆ, ಅದೇ ದಾರಿಯಲ್ಲಿ ನಡೆದವನಿಗೆ ತಕ್ಷಣ ಹೊಳೆದಿತ್ತು. ಆ ದಿನ ಗುಂಪಿನವರೆಲ್ಲ ಸೇರಿ, ಹಣ ನೇರವಾಗಿ ಹೆಂಡತಿಯ ಖಾತೆಗೆ ಹೋಗುವಂತೆ ಮಾಲೀಕರಿಗೆ ಹೇಳಬೇಕು, ಸಂತೆಗೆ ಭಾವಮೈದನ ಜೊತೆ ಹೋಗಬೇಕು ಎಂದು ನನ್ನಿಂದಲೇ ಹೇಳಿಸಿದರು. ಇಂದಿಗೂ ಹಾಗೆಯೇ ನಡೆಯುತ್ತಿದೆ.

ನಿಮ್ಮ ತಮ್ಮ ರೈಟರ್ ಎಂದಿರಿ. ಹಾಗಿದ್ದರೆ ಬಟವಾಡೆ ಮಾಡುವ ಕೈ ಅವರದೇ. ಆ ವಿಷಯ ಗುಂಪಿನಲ್ಲಿ ಚರ್ಚೆಗೆ ಬಂದಿದೆಯೇ ಎಂದು ಮುಂದಿನ ಸಲ ಫೋನಿನಲ್ಲಿ ಕೇಳಿ. ಪಕ್ಕದ ಊರಿನವರ ಬಗ್ಗೆ ಅಮ್ಮನಿಗೆ ಒಂದು ಮಾತು ತಿಳಿಸಿ: ಅವರಿಗೂ ತಮ್ಮ ವಿಷಯ ಊರಿಗೆ ಗೊತ್ತಾಗಬಾರದೆಂಬ ಭಯ ಅಷ್ಟೇ ಇರುತ್ತದೆ. ಊರಿಗೆ ಮರಳಿದ ಮೇಲೆ ಅವರಿಬ್ಬರೇ ಒಬ್ಬರಿಗೊಬ್ಬರು ಆಸರೆಯಾಗುವ ಸಾಧ್ಯತೆಯೂ ಇದೆ.

ಉತ್ತರ: ಬೇಲೂರಿನ ಗೃಹಿಣಿ

ಗುಂಪು ಎಲ್ಲರಿಗೂ ಒಗ್ಗುತ್ತದೆ ಎಂಬ ಭಾವನೆ ಓದುವವರಲ್ಲಿ ಮೂಡಬಾರದೆಂದು ಬರೆಯುತ್ತಿದ್ದೇನೆ. ನನ್ನ ಯಜಮಾನರು ಗುಂಪಿನಲ್ಲಿ ಬಾಯಿ ಬಿಡುತ್ತಲೇ ಇರಲಿಲ್ಲ. ಅದನ್ನು ಹಟವೆಂದು ತಿಳಿದ ಸಿಬ್ಬಂದಿಯೊಬ್ಬರು ಎಲ್ಲರೆದುರು ಗದರಿಸಿದರು, ಅವರು ಇನ್ನಷ್ಟು ಮುದುಡಿದರು. ಮನೋವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿದಾಗ, ಕುಡಿತದ ಅಡಿಯಲ್ಲಿ ತೀವ್ರ ಖಿನ್ನತೆ ಇರುವುದು ತಿಳಿಯಿತು. ಅದಕ್ಕೆ ಔಷಧಿ ಹತ್ತಿ, ಒಬ್ಬರೇ ಸಮಾಲೋಚಕರ ಬಳಿ ಕೆಲವು ವಾರ ಮಾತನಾಡಿದ ಮೇಲೆ, ಅವರಾಗಿಯೇ ಗುಂಪಿಗೆ ಮರಳಿದರು. ನಿಮ್ಮ ತಮ್ಮನ ಬೇಸರ ಬರೀ ಬೇಸರವೇ, ಅಥವಾ ಊಟ, ನಿದ್ದೆ, ಬದುಕಿನ ಆಸೆಯೇ ಕುಂದಿದೆಯೇ ಎಂದು ವಿಚಾರಿಸಿ. ಗುಂಪಿನಲ್ಲಿ ಅವಮಾನ ಮಾಡುವುದು, ಹೆದರಿಸುವುದು, ಶಿಕ್ಷೆಯೆಂದು ನಿಲ್ಲಿಸುವುದು ನಡೆಯುತ್ತಿದ್ದರೆ ಅಲ್ಲಿ ಒಂದು ದಿನವೂ ಬಿಡಬೇಡಿ.

ಇನ್ನೊಂದು ವಿಷಯ ನಿಮಗೂ ಅಮ್ಮನಿಗೂ ಸಂಬಂಧಿಸಿದ್ದು. ಮನೆಯವರಿಗಾಗಿ ನಡೆಸುವ ಗುಂಪಿನ ಸಭೆ ಆ ಕೇಂದ್ರದಲ್ಲಿದ್ದರೆ ತಪ್ಪದೆ ಹೋಗಿ. ಸಾಲ ತೀರಿಸುವುದು, ರಜೆಗೆ ಸುಳ್ಳು ಹೇಳುವುದು, ಜೇಬು ತಡಕುವುದು, ಇವೆಲ್ಲ ಪ್ರೀತಿಯ ಹೆಸರಿನಲ್ಲಿ ಎಲ್ಲ ಮನೆಗಳಲ್ಲೂ ನಡೆಯುತ್ತವೆ ಎಂದು ತಿಳಿದದ್ದು ನನಗೆ ಅಲ್ಲಿಯೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ಧನ್ಯವಾದಗಳು. ನಿನ್ನೆ ಕೇಂದ್ರದವರೊಡನೆ ಮಾತನಾಡಿದೆ. ವಾರಕ್ಕೊಮ್ಮೆ ಪ್ರತ್ಯೇಕ ಸಮಾಲೋಚನೆ ಇದೆಯಂತೆ, ಗುಂಪು ಬದಲಿಸಲು ಒಪ್ಪಿದ್ದಾರೆ. ಆದರೆ ತಮ್ಮನೇ "ಬೇಡ, ಇದೇ ಗುಂಪಿನಲ್ಲಿರುತ್ತೇನೆ" ಎಂದನಂತೆ. ಬಟವಾಡೆಯ ವಿಷಯ ಇನ್ನೂ ಅಲ್ಲಿ ಬಂದಿಲ್ಲ, ತಾನೇ ಎತ್ತುತ್ತೇನೆ ಎಂದು ನನಗೆ ಮಾತು ಕೊಟ್ಟಿದ್ದಾನೆ. ಅವನು ಹೊರಬರುವ ಹೊತ್ತಿಗೆ ಹಣ್ಣು ಕುಯ್ಲು ಶುರುವಾಗಿರುತ್ತದೆ, ತೋಟದಲ್ಲಿ ಕೆಲಸದ ಒತ್ತಡ ಹೆಚ್ಚಿರುತ್ತದೆ. ಆಗ ಏನು ಮಾಡಬೇಕು?

ಉತ್ತರ: ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ, ಹಾಸನ

ಸಾಧ್ಯವಾದರೆ ಕುಯ್ಲಿನ ಮೊದಲ ಕೆಲವು ವಾರ ಹಣದ ಹೊಣೆಯನ್ನು ಬೇರೆಯವರಿಗೆ ವಹಿಸುವಂತೆ ಮಾಲೀಕರನ್ನು ಅವರೇ ಕೇಳಿಕೊಳ್ಳಲಿ, ನೀವು ಅವರ ಬದಲು ಮಾತನಾಡಬೇಡಿ. ಕೇಂದ್ರದಿಂದ ಹೊರಬರುವ ಮೊದಲೇ ಮುಂದಿನ ಗುಂಪು ಯಾವುದೆಂದು ನಿಶ್ಚಯವಾಗಿರಬೇಕು. ಹೊರಬಂದ ಮೇಲೆ ನೋಡೋಣ ಎಂದವರಲ್ಲಿ ಅನೇಕರು ಗುಂಪಿಗೆ ಹೋಗುವುದೇ ಇಲ್ಲ, ಮತ್ತೆ ಜಾರುವ ಅಪಾಯ ಹೆಚ್ಚಿರುವುದು ಆ ಮೊದಲ ತಿಂಗಳುಗಳಲ್ಲೇ. ಹತ್ತಿರದಲ್ಲಿ ಎಎ ಸಭೆ ನಡೆಯುತ್ತದೆಯೇ ಎಂದು ವಿಚಾರಿಸಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು ನಡೆಸುವ ನವಜೀವನ ಸಮಿತಿಗಳು ಹಳ್ಳಿಗಳಲ್ಲೂ ಇವೆ, ನಿಮ್ಮ ಕಡೆಯ ಸಮಿತಿಯವರನ್ನು ಸಂಪರ್ಕಿಸಬಹುದು. ಔಷಧಿಗೆ ಮತ್ತು ತಪಾಸಣೆಗೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ನಿಗದಿತ ದಿನ ಹೋಗಲಿ. ರಾತ್ರಿ ಹೊತ್ತು ತುಡಿತ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಒಮ್ಮೆ ಕುಡಿದುಬಿಟ್ಟರೂ ಮರುದಿನವೇ ಗುಂಪಿಗೆ ಹೋಗಿ ಅದನ್ನು ಹೇಳಬೇಕು ಎಂಬ ಒಪ್ಪಂದವನ್ನು ಅವರೊಡನೆ ಈಗಲೇ ಮಾಡಿಕೊಳ್ಳಿ, ಮತ್ತು ಅಂಥ ದಿನ ಬಂದರೆ ಮನೆಯಲ್ಲಿ ಯಾರೂ ಅವರನ್ನು ಹಂಗಿಸುವುದಿಲ್ಲ ಎಂದು ನಿಮ್ಮ ಕಡೆಯಿಂದಲೂ ಮಾತು ಕೊಡಿ.